ಮೂರು ಚುಕ್ಕಿಯ ಮುಳ್ಳಿನ ಪಟ್ಟಿ

ಆ ಪಟ್ಟಿ ಮಾಡಿದವನು ನಾನೇ. ಬೇರೆ ಯಾರ ತಲೆಗೂ ಕಟ್ಟಿ ಪಾರಾಗುವ ಹಾಗಿಲ್ಲ. ನಾನು ಮಾಡಿದ ಪ್ರತಿ ಸಾಮಾನಿನ ಮೂಲೆಯಲ್ಲೂ ಪಂಚಿನಿಂದ ಮೂರು ಚುಕ್ಕಿ ಹೊಡೆಯುವುದು ನನ್ನ ಚಟ.

ಬಸವಕಲ್ಯಾಣದಲ್ಲಿ ಕಿಲ್ಲಾದ ಕಡೆ ಹೋಗುವ ರಸ್ತೆಯಲ್ಲಿ ನನ್ನ ವೆಲ್ಡಿಂಗ್ ಅಂಗಡಿ ಇದೆ. ಎರಡು ವರ್ಷದ ಹಿಂದೆ ಹುಮನಾಬಾದ ತಾಲ್ಲೂಕಿನ ಹುಡಗಿ ಎಂಬ ಹಳ್ಳಿಯಿಂದ ಕಬ್ಬಿನ ಹೊಲದ ಸಾಹುಕಾರನೊಬ್ಬ ನಾಯಿಮರಿಯೊಂದನ್ನು ಚೀಲದಲ್ಲಿ ಹಾಕಿಕೊಂಡು ಬಂದ. ಹೊಲಕ್ಕೆ ನುಗ್ಗುವ ಹಂದಿಯ ಕೋರೆ ನಾಯಿಯ ಕುತ್ತಿಗೆಗೆ ತಾಗದಂತೆ ಮುಳ್ಳಿನ ಪಟ್ಟಿ ಬೇಕಿತ್ತು ಅವನಿಗೆ. ಕುರಿಗಾರರು ತೋಳದ ಭಯಕ್ಕೆ ಇಂಥ ಪಟ್ಟಿಯನ್ನು ಚರ್ಮದಲ್ಲಿ ಮಾಡಿ ಕಟ್ಟುತ್ತಾರೆ. ಅದಕ್ಕೆ ಬಕಲ್ ಇರುತ್ತದೆ, ನಾಯಿ ಬೆಳೆದಂತೆ ಸಡಿಲಿಸಬಹುದು.

“ಚರ್ಮದ್ದು ಬ್ಯಾಡ್ರಿ ಮಿಸ್ತ್ರಿ, ಕೂಲಿಯವರು ಬಿಚ್ಕೊಂಡು ಹೋಗ್ತಾರ. ಕಬ್ಬಿಣದ್ದು ಮಾಡಿ ರಿವೀಟ್ ಹೊಡೀರಿ,” ಅಂದ.

ಮರಿಗೆ ಕಿವಿಗಳಿರಲಿಲ್ಲ. ಯಾಕೆ ಎಂದು ಕೇಳಿದೆ.

“ಕುಡಗೋಲಿಲೆ ನಾನೇ ಕೊಯ್ದೀನ್ರಿ. ಸುಟ್ಟು, ರೊಟ್ಟ್ಯಾಗ ಸುತ್ತಿ ಅದಕ್ಕೇ ತಿನಿಸೀನಿ. ನಾಯಿ ಕಡಕ್ ಆಗ್ತದ.”

ಹಾಗೆ ಮಾಡುವವರು ನಮ್ಮ ಕಡೆ ಇದ್ದಾರೆ. ನಾನು ನಕ್ಕೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಕ್ಕೆ. ನಾಲ್ಕು ಬೆರಳು ಜಾಗ ಬಿಟ್ಟು, ಹನ್ನೆರಡು ಮುಳ್ಳು ಬೆಸೆದು, ರಿವೀಟ್ ಬಡಿದೆ. ಆರು ತಿಂಗಳಿಗೆ ಕರೆತಂದರೆ ಇದನ್ನು ಕತ್ತರಿಸಿ ದೊಡ್ಡದು ಹಾಕಿಕೊಡುತ್ತೇನೆ ಅಂದೆ. “ತಂದೇ ತರ್ತೀನ್ರಿ” ಅಂದ. ಅವನು ಮರೆತ. ನಾನೂ ಮರೆತೆ.

ಹೋದ ವರ್ಷ ಯಾರದೋ ಮನೆಗೆ ಗೇಟು ಕೂರಿಸಲು ಟೆಂಪೋದಲ್ಲಿ ಅದೇ ಹುಡಗಿ ಹಳ್ಳಿಗೆ ಹೋಗಿದ್ದೆ. ಮೊದಲು ಮೂಗಿಗೆ ಬಡಿದದ್ದು ನಾತ. ಬದಿಯ ಹೊಲದಲ್ಲಿ, ಮೋಟಾರು ಕೋಣೆಯ ಗೋಡೆಗೆ ನಾಯಿಯೊಂದನ್ನು ಸರಪಳಿ ಹಾಕಿ ಬಿಗಿದಿದ್ದರು. ಪಕ್ಕೆಲುಬು ಎಣಿಸುವಂತಿತ್ತು. ಕುತ್ತಿಗೆಯಲ್ಲಿ ಪಟ್ಟಿ ಕಾಣುತ್ತಿರಲಿಲ್ಲ, ಮುಳ್ಳುಗಳು, ರಿವೀಟಿನ ತುದಿ ಇಷ್ಟೇ ಕಾಣುತ್ತಿದ್ದವು. ಉಳಿದ ಕಬ್ಬಿಣದ ಮೇಲೆ ಮಾಂಸ ಬೆಳೆದು, ಸಂದಿಯಲ್ಲಿ ಹುಳ ಹರಿದಾಡುತ್ತಿದ್ದವು. ರಿವೀಟಿನ ಪಕ್ಕ, ಕೀವಿನ ನಡುವೆ, ಮೂರು ಚುಕ್ಕಿ.

ಕಳೆ ಕೀಳುತ್ತಿದ್ದ ಹೆಂಗಸು ತಲೆ ಎತ್ತದೆ ಹೇಳಿದಳು: “ಮುಟ್ಟಬ್ಯಾಡ್ರಿ, ಅದಕ್ಕ ಹುಚ್ಚು ಹಿಡದದ ಅಂತಾರ. ಸಾಹುಕಾರ್ರು ನಾಳೆ ಬಡದು ಕೆಡವತಾರ.”

ಕಟರ್ ತಂದು ಸರಪಳಿ ಕಡಿದೆ. ನಾಯಿ ನನ್ನ ಎಡಗೈಯ ಹೆಬ್ಬೆರಳ ಬುಡಕ್ಕೆ ಬಾಯಿ ಹಾಕಿ ಎಲುಬಿನವರೆಗೂ ಕಚ್ಚಿತು. ನೋವಿನ ಭರದಲ್ಲಿ ಬಲಗೈಯಿಂದ ಅದರ ಮೂತಿಗೆ ಗುದ್ದಿದೆ, ಒಮ್ಮೆಯಲ್ಲ, ಬಿಡುವವರೆಗೂ. ಆಮೇಲೆ ತಲೆಗೆ ಗೋಣಿಚೀಲ ಹಾಕಿ, ಟೆಂಪೋಗೆ ಎಸೆದು, ಹುಮನಾಬಾದದ ದನದ ದವಾಖಾನೆಗೆ ಒಯ್ದೆ.

ಡಾಕ್ಟರು ನನಗೊಂದು, ಅದಕ್ಕೊಂದು ಸೂಜಿ ಚುಚ್ಚಿದರು. “ಹುಚ್ಚಲ್ಲ ಇದು, ನೋವು. ಗ್ರೈಂಡರ್ ಹಚ್ಚಬ್ಯಾಡ್ರಿ, ಕಬ್ಬಿಣ ಕಾದ್ರ ಮಾಂಸ ಸುಡ್ತದ,” ಎಂದರು. ಬಟ್ಟೆ ಸುತ್ತಿದ ಎಡಗೈಯಿಂದ ಪಟ್ಟಿ ಒತ್ತಿ ಹಿಡಿದು ಗರಗಸದ ಬ್ಲೇಡಿನಿಂದ ಕೊಯ್ದೆ. ನನ್ನ ಕೆಲಸ ಗಟ್ಟಿ ಎಂದು ಊರೆಲ್ಲ ಹೇಳುತ್ತದೆ, ಆ ದಿನ ಅದಕ್ಕೆ ಶಾಪ ಹಾಕಿದೆ. ಕೊಯ್ದ ಮೇಲೂ ಪಟ್ಟಿ ಬರಲಿಲ್ಲ. ಡಾಕ್ಟರು ಚರ್ಮ ಸೀಳಿ ಸೀಳಿ ಕೊಡುತ್ತಾ ಹೋದರು, ನಾನು ಇಕ್ಕಳದಿಂದ ಎಳೆಯುತ್ತಾ ಹೋದೆ. ನೆಲದ ಮೇಲಿನ ರಕ್ತ ಅದರದೆಷ್ಟು, ನನ್ನದೆಷ್ಟು ಎಂದು ಗೊತ್ತಾಗುತ್ತಿರಲಿಲ್ಲ.

ಅಂಗಡಿಯ ಹಿಂದೆಯೇ ನಮ್ಮ ಮನೆ. ನಾಯಿ ಅಲ್ಲಿ ಬದುಕಿತು. ಗಾಯ ತುಂಬಿತು, ಕೂದಲು ಬಂತು. ಆದರೆ ರೊಟ್ಟಿ ಹಿಡಿದು ಹತ್ತಿರ ಹೋದರೆ ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ಗೋಡೆಗೆ ಅಂಟುತ್ತಿತ್ತು.

“ರೊಟ್ಟ್ಯಾಗ ತನ್ನ ಕಿವಿ ತಿಂದದ್ದು ಅದು, ಅದಕ್ಕ ರೊಟ್ಟಿ ಹ್ಯಾಂಗ ಇಳೀತದ, ನೀವೇ ಹೇಳ್ರಿ,” ಅಂದಳು ಹೆಂಡತಿ. ಅವಳು ಜೋಳದ ನುಚ್ಚಿಗೆ ಮಜ್ಜಿಗೆ ಹಾಕಿ ಬಟ್ಟಲಲ್ಲಿಟ್ಟು ದೂರ ಸರಿಯುತ್ತಿದ್ದಳು. ನನಗೆ ಹಟ. ನನ್ನ ಕೈಯಿಂದ ಅದು ರೊಟ್ಟಿ ತಿನ್ನಬೇಕು. ಅಲ್ಲಿಯವರೆಗೆ ಆ ಪಟ್ಟಿ ಪೂರ್ತಿ ಬಿಚ್ಚಿದಂತಲ್ಲ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಸದ್ದಿಗೆ ಅದು ಬೆದರದಿರಲೆಂದು ಸುತ್ತಿಗೆಯ ಕೆಲಸವನ್ನೆಲ್ಲ ರಸ್ತೆಯ ಬದಿಗೆ ಒಯ್ದೆ. ದಿನಾ ಬೆಳಿಗ್ಗೆ ಅಂಗೈ ಮೇಲೆ ರೊಟ್ಟಿಯ ತುಂಡಿಟ್ಟುಕೊಂಡು ಜೋಮು ಹಿಡಿಯುವವರೆಗೂ ಕೂರುತ್ತಿದ್ದೆ. ಮೂರು ತಿಂಗಳಾದ ಮೇಲೆ ಒಂದು ದಿನ ಬಂತು, ಮೂಸಿತು, ತುಟಿಯ ತುದಿಯಿಂದ ಎತ್ತಿಕೊಂಡಿತು. ನಾನು ಅತ್ತೆ.

ಅದಾಗಿ ಹದಿನೈದು ದಿನಕ್ಕೆ, ನಾಯಿ ನನ್ನಲ್ಲಿದೆ ಎಂದು ಯಾರಿಂದಲೋ ತಿಳಿದು, ಸಾಹುಕಾರ ಬಂದ. ಬೈಕಿನಿಂದ ಇಳಿದು, ಒಳಗೆ ಇಣುಕಿ, ನಾಯಿ ನೋಡಿ ಖುಷಿಪಟ್ಟ.

“ಭಾಳ ಚಲೋ ಮಾಡೀರಿ ಮಿಸ್ತ್ರಿ. ಒಯ್ತೀನಿ ಈಗ, ಹಂದಿ ಜಾಸ್ತಿ ಆಗ್ಯಾವ. ಪಟ್ಟಿನೂ ಇನ್ನೊಂದು ಮಾಡ್ರಿ. ಜರಾ ದೊಡ್ಡದು.”

ಜರಾ ದೊಡ್ಡದು. ಕೈಗೆ ಸಿಕ್ಕ ಸರಳು ಎತ್ತಿ ಬೀಸಿದೆ. ಹೆಗಲಿಗೆ ಬಿತ್ತು, ಒಳಗೆ ಏನೋ ಮುರಿದ ಸದ್ದು ಕೇಳಿತು, ನಾನು ಅರ್ಧ ಮಾಡಿಟ್ಟ ಗೇಟಿನ ಮೇಲೆ ಅವನು ಮಗುಚಿಕೊಂಡ. ಎರಡನೆಯದು ತಲೆಗೆ ಎಂದು ಎತ್ತಿದೆ. ಕೊಂದೇಬಿಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ನಾಯಿ ಹೊಟ್ಟೆ ಎಳೆದುಕೊಂಡು ಬಂತು. ಅವನ ಕಡೆ ತಿರುಗಿಯೂ ನೋಡಲಿಲ್ಲ. ಉಚ್ಚೆಯ ಗೆರೆ ಬಿಡುತ್ತಾ ನನ್ನ ಕಾಲ ಬುಡಕ್ಕೆ ತೆವಳಿ, ಕಣ್ಣು ಮುಚ್ಚಿ, ಆ ಗಾಯದ ಕಲೆಯ ಕುತ್ತಿಗೆಯನ್ನು ಸರಳಿನ ಕೆಳಗೆ ಚಾಚಿತು. ಹೊಡೆತ ತನಗೇ ಎಂದುಕೊಂಡಿತ್ತು ಅದು. ಬೇಗ ಮುಗಿಯಲಿ ಎಂದು ಕುತ್ತಿಗೆ ಕೊಟ್ಟಂತಿತ್ತು.

ಸರಳು ಇಳಿಸಿದೆ. ಸಾಹುಕಾರ ಕೈ ಜೋಲಾಡಿಸುತ್ತಾ ಹೋದವನು ಮತ್ತೆ ಈ ಕಡೆ ಬರಲಿಲ್ಲ.

ಈಗ ನಾಯಿ ನನ್ನ ಹೆಂಡತಿಯ ಕೈಯಿಂದ ರೊಟ್ಟಿ ತಿನ್ನುತ್ತದೆ, ಅವಳ ಕಾಲಿನ ಮೇಲೆ ತಲೆಯಿಟ್ಟು ಮಲಗುತ್ತದೆ. ನಾನೂ ದಿನಾ ಬೆಳಿಗ್ಗೆ ಅಂಗೈ ಚಾಚಿ ಕೂರುತ್ತೇನೆ. ಅದು ರೊಟ್ಟಿಯನ್ನು ನೋಡುವುದಿಲ್ಲ, ನನ್ನ ಇನ್ನೊಂದು ಕೈ ಎಲ್ಲಿದೆ ಎಂದು ನೋಡುತ್ತದೆ.