ಕುಷ್ಟಗಿ ಸ್ಟೇಷನ್ನಿನ ಚಿತ್ರಗಳು

ಕುಷ್ಟಗಿಗೆ ಈಗ ನಿಜವಾದ ರೈಲು ಬಂದಿದೆ. ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟದ ನಮ್ಮ ಗುಂಪಿನವರು, ನಿಮ್ಮ ಹಳೇ ಕುಷ್ಟಗಿ ಚಿತ್ರಗಳನ್ನು ಇನ್ನೊಮ್ಮೆ ಹಾಕ್ರಿ, ನಿಜವಾದದ್ದರ ಪಕ್ಕ ಇಟ್ಟು ನೋಡೋಣ ಎಂದು ಬೆನ್ನು ಹತ್ತಿದ್ದಾರೆ. ಎರಡು ಸಲ ನಯವಾಗಿ ಆಗುವುದಿಲ್ಲ ಎಂದೆ. ಮೂರನೇ ಸಲ ಬೈದೇ ಬಿಟ್ಟೆ. ಆ ಚಿತ್ರಗಳಿಂದ ನಾನು ಅಕ್ಕನನ್ನು ಕಳೆದುಕೊಂಡೆ ಎಂದು ಅವರಿಗೆ ಹೇಗೆ ಹೇಳಲಿ?

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಬಸ್ಸೆಂದರೆ ಅವಳಿಗೆ ಯಮ. ಡೀಸೆಲ್ ವಾಸನೆ ಬಡಿದರೆ ಸಾಕು, ಸ್ಟ್ಯಾಂಡು ದಾಟುವುದರೊಳಗೆ ವಾಂತಿ. ಮೂಗಿಗೆ ನಿಂಬೆಹಣ್ಣು, ಬಾಯಿಗೆ ಹುಣಸೆಹಣ್ಣು, ಹೊಟ್ಟೆಗೆ ಪೇಪರು, ಎಲ್ಲಾ ಆಗಿತ್ತು. ಕಾರಿನಲ್ಲೂ ಅದೇ ಗತಿ. ರೈಲಿನಲ್ಲಿ ಮಾತ್ರ ಮಹಾರಾಣಿ! ಕಿಟಕಿಗೆ ಕೂತು ಗದಗ ಬರುವವರೆಗೂ ಚುರುಮುರಿ ತಿನ್ನುತ್ತಿದ್ದಳು. 1997ರಲ್ಲಿ ಕುಷ್ಟಗಿಯ ಸಂಬಂಧ ಬಂದಾಗ ಹುಡುಗನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಅಲ್ಲಿಗೆ ರೈಲೈತೇನಪ್ಪಾ?" ಎಂದಳು.

"ಇವತ್ತಿಲ್ಲ, ನಾಳೆ ಬರ್ತೈತಿ ಬಿಡವಾ," ಎಂದ ಅಪ್ಪ.

ಆ ನಾಳೆ ವರ್ಷಗಟ್ಟಲೆ ಬರಲಿಲ್ಲ. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದ ತವರಿಗೆ ಅವಳು ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಬರುವಳು, ಹಿಂಡಿದ ಬಟ್ಟೆಯ ಹಾಗೆ ಇಡೀ ದಿನ ಮಲಗುವಳು. ಬರಬರುತ್ತಾ ಅದೂ ನಿಂತಿತು.

ನನ್ನದು ಮೋಟಾರು ರಿವೈಂಡಿಂಗ್ ಅಂಗಡಿ. ಕರೆಂಟು ಇದ್ದು ಕೆಲಸ ಇಲ್ಲದ ಹೊತ್ತಿನಲ್ಲಿ ಈ ರೈಲಿನ ಆಟ ಹಚ್ಚಿಕೊಂಡೆ. ಆ ಆಟದಲ್ಲಿ ನಮಗೆ ಬೇಕಾದ ಊರು ಕಟ್ಟಿಕೊಳ್ಳಬಹುದು. ನಾನು ಕುಷ್ಟಗಿ ಕಟ್ಟಿದೆ. ಜೋಳದ ಹೊಲ, ಕರಿ ಮಣ್ಣು, ಹಳದಿ ಬೋರ್ಡಿನ ಮೇಲೆ ಕನ್ನಡದಲ್ಲಿ ಊರ ಹೆಸರು. ಇಳಿಬಿಸಿಲಿನಲ್ಲಿ ನೀಲಿ ಎಂಜಿನ್ನು ಬಂದು ನಿಂತ ಚಿತ್ರವನ್ನು ಗುಂಪಿಗೂ ಹಾಕಿದೆ, ಅಕ್ಕನ ಫೋನಿಗೂ ಕಳಿಸಿದೆ. ಗುಂಪಿನಲ್ಲಿ ಹೊಗಳಿಕೆಯೋ ಹೊಗಳಿಕೆ. ಅಕ್ಕ ಮಾತ್ರ ಫೋನು ಮಾಡಿ ನಕ್ಕಳು.

"ಇವರೆಲ್ಲಾ ಯಾರೋ? ಕುಷ್ಟಗಿ ಬಿಸಲಾಗ ಕೋಟು ಹಾಕ್ಕೊಂಡು ನಿಂತಾರಲ್ಲ, ತಲಿ ನೆಟ್ಟಗ ಐತೇನ ಅವಕ್ಕ?"

"ಆಟದಾಗ ಇರೋ ಮಂದೀನ ಹಂಗ ಅದಾರ, ನಾ ಏನ್ ಮಾಡ್ಲಿ?"

"ಒಬ್ಬಾಕೀಗರ ಸೀರಿ ಉಡಿಸೋ ಪುಣ್ಯಾತ್ಮಾ!"

ಅಲ್ಲಿಂದ ವಾರಕ್ಕೆರಡು ಚಿತ್ರ ಕಳಿಸುವುದು ರೂಢಿಯಾಯಿತು. ಅವಳು ಅವನ್ನು ಓಣಿಯವರಿಗೆಲ್ಲಾ ತೋರಿಸುತ್ತಿದ್ದಳು. ನನಗೆ ಹೆಮ್ಮೆ. ಅಕ್ಕನಿಗೆ ಏನೋ ಮಾಡುತ್ತಿದ್ದೇನೆ ಎಂಬ ಸಮಾಧಾನ ಬೇರೆ.

ಒಂದು ಮಧ್ಯಾಹ್ನ ಅವಳ ಫೋನು ಬಂತು. "ಗಾಡಿ ಖರೇನ ಯಾವಾಗ ಬರ್ತೈತೋ? ಕೊಪ್ಪಳದಾಗ ಡಾಕ್ಟರಿಗೆ ಒಂದೀಟು ತೋರಿಸ್ಕೋಬೇಕಾಗೈತಿ. ಇಲ್ಲೆ ಎಲ್ಲಾರೂ ಗುರ್ತಿನವರು, ನಾಚಿಕಿ ಆಕ್ಕೈತಿ."

ಆಗಷ್ಟೇ ಹಾಕಿದ ಚಿತ್ರವನ್ನು ಯಾರು ಯಾರು ಮೆಚ್ಚಿದರೆಂದು ನೋಡುತ್ತಾ ಕೂತಿದ್ದೆ. "ಹಳಿ ಹಾಕಾಕತ್ತಾರ, ಇನ್ನೇನು ಬಂದ ಬಿಡ್ತೈತಿ. ಆರಾಮ ಕುಂತು ಬರುವಂತಿ," ಎಂದೆ. ಏನು ತೋರಿಸಬೇಕು ಎಂದು ಕೇಳಲಿಲ್ಲ. ಅವಳ ಎದೆಯಲ್ಲಿ ಆಗಲೇ ಶೇಂಗಾಕಾಳಿನಷ್ಟು ಗಂಟಿತ್ತೆಂದು ಆಮೇಲೆ ಗೊತ್ತಾಯಿತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಾನು ಫೋನಿಟ್ಟವನೇ ಅವಳಿಗೆಂದು ಇನ್ನೊಂದು ಚಿತ್ರ ತೆಗೆದು ಕಳಿಸಿದೆ. ಭಾಳ ಛಲೋ ಬಂದೈತಿ ಎಂದು ಬರೆದಳು.

ಎಂಟು ತಿಂಗಳು ಕಾದಳು. ಗಂಟು ಹುಣ್ಣಾಗಿ ಕುಪ್ಪಸಕ್ಕೆ ಕಲೆ ಹತ್ತಿದ ಮೇಲೆ ಭಾವನಿಗೆ ಗೊತ್ತಾಗಿ ಕಾರಿನಲ್ಲಿ ಕೊಪ್ಪಳಕ್ಕೆ ಹಾಕಿಕೊಂಡು ಬಂದರು. ಇಷ್ಟು ದಿನ ಏನ್ ಮಾಡ್ತಿದ್ರಿ ಎಂದು ಡಾಕ್ಟರು ಸಿಡಿಮಿಡಿಗೊಂಡರು. ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತಂತೆ. ನಾಲ್ಕು ತಿಂಗಳು ನನ್ನ ಮನೆಯಲ್ಲೇ ಇದ್ದಳು. ನನ್ನ ಮೇಲೆ ಒಮ್ಮೆಯೂ ಬೇಜಾರು ಮಾಡಿಕೊಳ್ಳಲಿಲ್ಲ. ಅದೇ ನನ್ನನ್ನು ಸುಟ್ಟಿತು. ರೈಲು ಬರುವ ಮೊದಲೇ ಹೋಗಿಬಿಟ್ಟಳು.

ಮಣ್ಣು ಮಾಡಿದ ಮೂರನೇ ದಿನ ಭಾವ ನನ್ನ ಪಕ್ಕ ಬಂದು ಕೂತರು. ಅವರು ಮಾತು ಕಡಿಮೆಯ ಮನುಷ್ಯ. ಅಕ್ಕನ ಫೋನು ಕೈಯಲ್ಲಿತ್ತು.

"ನಿಮ್ಮ ಮ್ಯಾಲೆ ಸಿಟ್ಟಿಲ್ರಿ ನನಗ," ಎಂದರು. "ತವರಿಗರ ಹೋಗಿ ಬರೂಣು ನಡಿ ಅಂತ ನಾ ಎಷ್ಟ ಸಲ ಅಂದ್ರೂ ಆಕಿ ಬಸ್ ಹತ್ತಲಿಲ್ಲ. ನೀವು ಒಂದ ಸಲ 'ಬಾ ಅಕ್ಕಾ' ಅಂದಿದ್ರ, ವಾಂತಿ ಮಾಡ್ಕೋಂತನರ ಬರ್ತಿದ್ಲು."

ಫೋನು ನನ್ನ ಕೈಗಿಟ್ಟು ಎದ್ದು ಹೋದರು. ನಾನು ಅವಳಿಗೆ ಕಳಿಸಿದ್ದನ್ನೆಲ್ಲಾ ಮೇಲಿನಿಂದ ಕೆಳಗಿನವರೆಗೂ ನೋಡಿದೆ. ನೂರಾರು ಚಿತ್ರಗಳಿದ್ದವು. ಬಾ ಎಂದು ಎಲ್ಲಿಯೂ ಬರೆದಿರಲಿಲ್ಲ.