ಕಡಲ್ಗಳ್ಳನ ಮೀಸೆ ಮತ್ತು ಹಿಂದಿನ ಬೆಂಚು

ಮೀಸೆಯ ಎಡತುದಿ ಬಲತುದಿಗಿಂತ ಅರ್ಧ ಬೆರಳು ಉದ್ದವಾಗಿತ್ತು. ಗಡಹಿಂಗ್ಲಜ ಕಡೆಯ ಕರಿ ಕುರಿಯ ಉಣ್ಣೆ. ಮಗ್ಗದ ನೂಲಿಗೆ ಹಾಕುವ ಗಂಜಿಯಿಂದ ಅದನ್ನು ನನ್ನ ಮೇಲ್ದುಟಿಗೆ ಅಂಟಿಸಿದ್ದರು. ಗಂಜಿ ಒಣಗುತ್ತ ಹೋದ ಹಾಗೆ ತುಟಿ ಬಿಗಿಯಿತು. ಹಾಗೆಯೇ ಸ್ಟೇಜಿಗೆ ಹೋದೆ.

(ಹೌದು, ನಾನೇ. ಬಸ್ಸಿನಲ್ಲಿ ಕಂಡಕ್ಟರನನ್ನು ಕೂಗಲಾರದೆ ಮುಂದಿನ ಸ್ಟಾಪಿನಲ್ಲಿ ಇಳಿದೆನೆಂದು ಇದೇ ಅಂಕಣದಲ್ಲಿ ಬರೆದವಳು.)

ಮೊದಲಿನಿಂದ ಹೇಳುತ್ತೇನೆ. ನಾನು ಪಾಠ ಹೇಳುವುದು ಇಚಲಕರಂಜಿಯ ಒಂದು ಕನ್ನಡ ಶಾಲೆಯಲ್ಲಿ. ನನ್ನ ಕ್ಲಾಸಿನ ಹಿಂದಿನ ಗೋಡೆಯ ಆಚೆಗೇ ಪವರ್‌ಲೂಮಿನ ಶೆಡ್ಡು. ಇಡೀ ದಿನ ಅದರ ಖಟಖಟ. ಮುಂದಿನ ಬೆಂಚುಗಳಲ್ಲಿ ಅಂಗಡಿಕಾರರ, ಕಾರಕೂನರ ಹುಡುಗಿಯರು. ಗೋಡೆಗೆ ಹತ್ತಿದ ಹಿಂದಿನ ಬೆಂಚುಗಳಲ್ಲಿ ಮಗ್ಗದವರ ಮಕ್ಕಳು.

ನನ್ನ ಪ್ರೊಬೇಷನ್ ಮುಗಿಯಲು ಬಂದಿತ್ತು. ಒಂದು ದಿನ ನಮ್ಮ ಹೆಡ್‌ಬಾಯಿ (ಮುಖ್ಯೋಪಾಧ್ಯಾಯಿನಿ) ಕೊನೆಯ ಬೆಂಚಿನ ಪಕ್ಕ ವರಾಂಡಕ್ಕೆ ತೆರೆಯುವ ಹಿಂಬಾಗಿಲಲ್ಲಿ ಹತ್ತು ನಿಮಿಷ ನಿಂತು ಹೋದರು. ಆಮೇಲೆ ಕರೆಸಿದರು.

“ಪಾಠ ಛಲೋ ಅದ. ಆದ್ರ ಆವಾಜ್ ಹಿಂದಿನ ಬೆಂಚಿಗೆ ಪೋಚಲಾ ಪಾಹಿಜೆ,” ಎಂದರು. ಮುಟ್ಟಬೇಕು, ಅಷ್ಟೇ. ಈ ಟರ್ಮಿನೊಳಗೆ ಮುಟ್ಟದಿದ್ದರೆ ಕನ್ಫರ್ಮ್ ಮಾಡುವ ಪತ್ರಕ್ಕೆ ತಾವು ಸಹಿ ಹಾಕುವುದಿಲ್ಲವೆಂದೂ ಮೆಲ್ಲಗೆ ಹೇಳಿದರು. (ಅವರಿಗೆ ಮೆಲ್ಲಗೆ ಹೇಳಲು ಅನುಮತಿ ಉಂಟು.)

ಪತ್ರ ಬರದಿದ್ದರೆ ಗಡಹಿಂಗ್ಲಜಕ್ಕೆ, ಅಣ್ಣನ ಮನೆಗೆ ಮರಳಬೇಕು. ಅಲ್ಲಿ ಎಲ್ಲರೂ ಒಳ್ಳೆಯವರು. ನನ್ನ ಪುಸ್ತಕಗಳಿಗೆ ಮಾತ್ರ ಒಂದು ಗೂಡೂ ಇಲ್ಲ.

ಯೂನಿವರ್ಸಿಟಿಯಲ್ಲಿ ನಾನು ಕಲಿತದ್ದು ಲೈಬ್ರರಿಯ ದನಿ. ಗಟ್ಟಿ ದನಿ ಎಲ್ಲಿ ಕಲಿಸುತ್ತಾರೆ?

ದಾರಿ ತೋರಿಸಿದವರು ಭೂಗೋಳ ಕಲಿಸುವ ಕಮಲಾಬಾಯಿ. ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಟೀಚರುಗಳೇ ಸೇರಿ ಕಡಲ್ಗಳ್ಳರ ನಾಟಕ ಆಡೋಣ, ನೀವೇ ಕ್ಯಾಪ್ಟನ್ ಆಗಿ, ದನಿ ತಾನಾಗಿ ಬರುತ್ತದೆ ಎಂದರು. ಅವರೊಮ್ಮೆ ಕೊಲ್ಲಾಪುರದಿಂದ ಘಟ್ಟ ಇಳಿದು ಸಮುದ್ರ ನೋಡಿ ಬಂದವರು. ಸ್ಟಾಫ್ ರೂಮಿನಲ್ಲಿ ಸಮುದ್ರದ ವಿಷಯಕ್ಕೆ ಅವರ ಮಾತೇ ಕೊನೆಯದು.

ಆದರೆ ಕಡಲ್ಗಳ್ಳ ಕನ್ನಡದಲ್ಲಿ ಹೇಗೆ ಮಾತಾಡುತ್ತಾನೆ? ‘ರೀ’ ಹಚ್ಚುತ್ತಾನೆಯೇ? “ಏನ್ರಿ, ನಿಮ್ಮ ಹಡಗು ಲೂಟಿ ಮಾಡ್ಲೇನ್ರಿ?” ಎಂದು ಕೇಳುವವನಿಗೆ ಯಾರು ಹೆದರುತ್ತಾರೆ?

ಒಂದು ವಾರ ನಾವು ಅದನ್ನೇ ಕಲಿತೆವು. ಚಹಾ ‘ಲೂಟಿ’ ಆಯಿತು. ಚಾಕಿನ ಡಬ್ಬಿ ‘ಖಜಾನೆ’. ಹೆಡ್‌ಬಾಯಿ ಬಂದರೆ ‘ತೋಪಿನ ಹಡಗು’. ನಾನೂ ನಗುತ್ತಿದ್ದೆ. ಆದರೆ “ಭಲಾ, ಹಾಯಿ ಬಿಚ್ಚೋ” ಎಂದು ನಾನು ಅಂದರೆ, ಅದು ಅಂಗಡಿಯಲ್ಲಿ ಗಿರಾಕಿಗೆ ಸೀರೆಯ ಮಡಿಕೆ ಬಿಚ್ಚಿ ತೋರಿಸಲು ಹೇಳಿದ ಹಾಗಿರುತ್ತದೆ ಎಂದು ಕಮಲಾಬಾಯಿ ತೀರ್ಪು ಕೊಟ್ಟರು.

ನಮ್ಮ ಚಾಳಿನಲ್ಲಿ ಪಕ್ಕದ ಮನೆ ಭೀಮವ್ವನದು. ಆಕೆ ಅದೇ ಶೆಡ್ಡಿನಲ್ಲಿ ಕಾಂಡಿ ಸುತ್ತುತ್ತಾಳೆ, ಎಂದರೆ ಲಾಳಿಯೊಳಗಿನ ಸಣ್ಣ ಕೊಳವೆಗೆ ನೂಲು ತುಂಬುತ್ತಾಳೆ. ಮಗಳು ನೀಲಾ ನನ್ನ ಕ್ಲಾಸಿನ ಕೊನೆಯ ಬೆಂಚು. ಮಗ್ಗಗಳ ನಡುವೆ ದಿನವಿಡೀ ಹರಟುವ ಭೀಮವ್ವನಿಗೆ ಗಟ್ಟಿ ದನಿಯ ಗುಟ್ಟು ಗೊತ್ತಿರಲೇಬೇಕು. ಕೇಳಿದೆ. ಶನಿವಾರ ಮಧ್ಯಾಹ್ನ ಶೆಡ್ಡಿಗೇ ಬರಲು ಹೇಳಿದಳು.

ಇಪ್ಪತ್ತು ಮಗ್ಗ. ಒಳಗೆ ಕಾಲಿಟ್ಟರೆ ಹಲ್ಲು ನಡುಗುತ್ತದೆ. ಭೀಮವ್ವ ಆ ಕೊನೆಗೆ ನಿಂತಳು, ನನ್ನನ್ನು ಈ ಕೊನೆಗೆ ನಿಲ್ಲಿಸಿದಳು. ಮಾತು ಮುಟ್ಟಿದರೆ ಕೈ ಎತ್ತುವುದು ಎಂದು ಗೊತ್ತುಮಾಡಿಕೊಂಡಿದ್ದೆವು. ಕಣ್ಣು ಮುಚ್ಚಿ, ಹೊಟ್ಟೆಯಿಂದ ಕೂಗಿದೆ: “ಭಲಾ, ಹಾಯಿ ಬಿಚ್ಚೋ!”

ಕಣ್ಣು ತೆರೆದರೆ ಕೈ ಮೇಲಿತ್ತು.

ಇನ್ನೊಂದು ಸಾಲು. ಮತ್ತೆ ಕೈ. ಇಪ್ಪತ್ತು ಮಗ್ಗಗಳನ್ನು ದಾಟಿ ನನ್ನ ದನಿ! ಮನೆಗೆ ಹೋಗುವಾಗ ರಸ್ತೆಯ ನಡುವೆ ನಡೆದೆ. ಸಾಮಾನ್ಯವಾಗಿ ನಾನು ಅಂಚಿನವಳು.

ಗ್ಯಾದರಿಂಗ್ ಶಾಲೆಯ ಅಂಗಳದಲ್ಲಿ, ಮಧ್ಯಾಹ್ನ. ಬೂಟು, ಕೋಟು ಕೊಲ್ಲಾಪುರದ ನಾಟಕದ ಅಂಗಡಿಯಿಂದ ಬಂದಿದ್ದವು. ಮೀಸೆ ನಮ್ಮದೇ. ಮುಂದಿನ ಕುರ್ಚಿಗಳಲ್ಲಿ ಹೆಡ್‌ಬಾಯಿ ಮತ್ತು ಊರ ಹಿರಿಯರು. ಹಿಂದೆ ಜಮಖಾನೆಯ ಮೇಲೆ ಮಗ್ಗದವರ ಮನೆಯ ಹೆಂಗಸರು, ಮಕ್ಕಳು. ಗೋಡೆಯಾಚೆ ಮಗ್ಗಗಳಿಗೆ ರಜೆ ಇರಲಿಲ್ಲ.

ಕೂಗಿದೆ. ಮುಂದಿನವರು ಬೆಚ್ಚಿ, ಆಮೇಲೆ ನಕ್ಕರು. ಹೆಡ್‌ಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹಿಂದೆ ಮಾತ್ರ ಒಬ್ಬರೂ ನಗಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಹಿಂದಿನವರು ಕತ್ತು ಚಾಚಿ ನನ್ನ ಮುಖವನ್ನೇ ನೋಡುತ್ತಿದ್ದರು, ದೂರದ ಬಸ್ಸಿನ ಬೋರ್ಡು ಓದುವವರಂತೆ.

ಪರದೆ ಬಿದ್ದಮೇಲೆ ಹೆಡ್‌ಬಾಯಿ ಬಂದು ಬೆನ್ನು ತಟ್ಟಿದರು. ಈಗ ಮುಟ್ಟಿತು ನೋಡಿ, ಕ್ಲಾಸಿನಲ್ಲೂ ಇದೇ ದನಿ ಇರಲಿ, ನಾಳೆ ಬೆಳಿಗ್ಗೆ ಹಿಂಬಾಗಿಲಿಗೆ ಬಂದು ಕೇಳಿ ಪತ್ರಕ್ಕೆ ಸಹಿ ಹಾಕುತ್ತೇನೆ ಎಂದರು.

ಅವರ ಹಿಂದೆಯೇ ಭೀಮವ್ವ, ನೀಲಾ. ನಾಟಕ ಹೇಗಿತ್ತೆಂದು ಕೇಳಿದೆ.

“ಬೂಟ್ ಭಾಳ ಛಲೋ ಇದ್ವ್ರಿ,” ಎಂದಳು ಭೀಮವ್ವ. “ಮಾತ ಒಂದೂ ತಿಳೀಲಿಲ್ಲ. ಮೀಸಿ ಬಾಯಿ ಮುಚ್ಚಿತ್ತಲ್ರಿ.”

ಶೆಡ್ಡಿನಲ್ಲಿ ಕೇಳಿಸಿತ್ತಲ್ಲ, ಕೈ ಎತ್ತಿದ್ದೆಯಲ್ಲ ಎಂದೆ. ಆಕೆ ನನ್ನನ್ನು ಮರುಕದಿಂದ ನೋಡಿದಳು.

“ಅಲ್ಲಿ ನನಗ ನನ್ನ ದನೀನ ಕೇಳೂದಿಲ್ರಿ ಅಕ್ಕಾರ, ನಿಮ್ಮದೆಲ್ಲಿ ಕೇಳ್ತದ? ನಾ ಬಾಯಿ ನೋಡೀನಿ. ಶೆಡ್ಡಿನ್ಯಾಗ ಯಾರ ಒದರತಾರ್ರಿ? ಒದರಿದ್ರ ಮಧ್ಯಾನ್ಹಕ್ಕ ಗಂಟಲಾ ಹರದು ಹೊಕ್ಕತಿ. ತುಟಿ ಆಡಿಸಿದ್ರ ಆತು, ತಿಳೀತದ.”

ನಾನು ಕಣ್ಣು ಮುಚ್ಚಿ ಕೂಗಿದ್ದೆನಲ್ಲ? ತೆರೆದುಕೊಂಡಿದ್ದರೆ ಅಲ್ಲಿ ಒಬ್ಬರೂ ಕೂಗುತ್ತಿಲ್ಲ ಎಂಬುದು ನನಗೂ ಕಾಣಿಸುತ್ತಿತ್ತೋ ಏನೋ.

ನೀಲಾಳನ್ನು ಕೇಳಿದೆ: ಹಾಗಾದರೆ ಕ್ಲಾಸಿನಲ್ಲಿ?

“ಕ್ಲಾಸಿನ್ಯಾಗೂ ಹಂಗ ರೀ. ನಿಮ್ಮ ಬಾಯಿ ಭಾಳ ಸಾಫ್ ಐತ್ರಿ. ಫಳಿ ಕಡೆ ಹೊಳ್ಳಿದಾಗ ಅಷ್ಟ ತಿಳಿಯೂದಿಲ್ಲ.”

ಇಷ್ಟು ದಿನ ನಾನು ಕೊರಗಿದ್ದು ದನಿಯ ಬಗ್ಗೆ. ಹಿಂದಿನ ಬೆಂಚಿಗೆ ಬೇಕಾದದ್ದು ನಾನು ಕರಿಹಲಗೆಗೆ ತಿರುಗದೆ ಇರುವುದು. ದನಿ ಮುಟ್ಟಲಿಲ್ಲ ಎಂದವರು ಹಿಂಬಾಗಿಲಲ್ಲಿ ನಿಂತವರು, ನನ್ನ ಹುಡುಗಿಯರಲ್ಲ. ಮುಟ್ಟಿತು ಎಂದವರೂ ಅವರೇ, ಹುಡುಗಿಯರಿಗೆ ಒಂದು ಮಾತೂ ಮುಟ್ಟದ ದಿನ. ಈಗ ನಾನು ಯಾರಿಗಾಗಿ ಕೂಗಬೇಕು? ಕೂಗಿದರೆ ಕೆಲಸ ಉಳಿಯುತ್ತದೆ. ಕೂಗಲು ಹೋದರೆ ನನ್ನ ಬಾಯಿ ಸೊಟ್ಟಗಾಗುತ್ತದೆ (ಕನ್ನಡಿಯಲ್ಲಿ ನೋಡಿಕೊಂಡೆ; ಶೆಡ್ಡಿನಲ್ಲಿ ಅದನ್ನು ಓದಿದ್ದು ಭೀಮವ್ವನ ಪಳಗಿದ ಕಣ್ಣು), ತುಟಿ ಸಾಫಾಗಿ ಉಳಿಯುವುದಿಲ್ಲ. ಎರಡನ್ನೂ ಒಟ್ಟಿಗೆ ಮಾಡುವ ಕಡಲ್ಗಳ್ಳ ಯಾವ ಸಮುದ್ರದಲ್ಲಿದ್ದಾನೋ ಕಮಲಾಬಾಯಿಗೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಹೆಡ್‌ಬಾಯಿ ಹಿಂಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಪತ್ರ. ನನ್ನ ಮೇಲ್ದುಟಿಯ ಮೇಲೆ ಗಂಜಿಯ ಉರಿ ಇನ್ನೂ ಇತ್ತು. ಹಾಜರಿ ಪುಸ್ತಕ ತೆರೆದು ಮುಂದಿನ ಬೆಂಚುಗಳ ಹೆಸರುಗಳನ್ನು ಕಡಲ್ಗಳ್ಳನ ದನಿಯಲ್ಲೇ ಕರೆದೆ. ಹೆಡ್‌ಬಾಯಿ ತಲೆಯಾಡಿಸಿದರು. ನೀಲಾಳ ಹೆಸರು ಬಂದಾಗ ದನಿಯನ್ನು ಪೂರ್ತಿ ನಿಲ್ಲಿಸಿ, ಮುಖವೆತ್ತಿ, ತುಟಿ ಮಾತ್ರ ಆಡಿಸಿದೆ.

“ಹಾಜರ್ ರೀ ಅಕ್ಕಾರ.”

ಆಮೇಲೆ ಅವಳ ಪಕ್ಕದವಳು. ಅವಳ ಪಕ್ಕದವಳು. ಗೋಡೆಯ ತನಕ ಒಬ್ಬೊಬ್ಬರಾಗಿ ಓಗೊಟ್ಟರು. ಮುಂದಿನ ಬೆಂಚಿನವರು ತಿರುಗಿ ತಿರುಗಿ ನೋಡಿದರು. ಪುಸ್ತಕ ಮುಚ್ಚಿ, ಹಿಂಬಾಗಿಲ ಕಡೆ ನೋಡಿ, ಹೆಡ್‌ಬಾಯಿಯ ಹೆಸರನ್ನೂ ಹಾಗೆಯೇ ದನಿಯಿಲ್ಲದೆ ಕರೆದು, ಉತ್ತರಕ್ಕೆ ಕಾದು ನಿಂತೆ.