ಅಕ್ಕನಿಗೆ ಕಡಲು ತೋರಿಸಿದ್ದು

ಮೊನ್ನೆ ಸವಣೂರಿನ ಖಾರದ ಅಂಗಡಿಯ ಮುಂದೆ ನಿಂತಿದ್ದೆ. ಎಣ್ಣೆಯಿಂದ ಆಗಷ್ಟೇ ಎತ್ತಿದ ಖಾರದ ಘಮ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗಾಲು ತಾನಾಗಿ ಅಲುಗತೊಡಗಿತು. ಹಸಿವಿಗಲ್ಲ, ಪ್ರಯಾಣದ ಗಡಿಬಿಡಿಗೆ. ಆ ಘಮ ಎಂದರೆ ನನಗೀಗ ಗೋಕರ್ಣದ ದಾರಿ; ಪ್ರತಿ ವರ್ಷ ಅಲ್ಲಿಗೆ ಹೊರಡುವಾಗ ಬುತ್ತಿಗೆ ಇದನ್ನೇ ಕಟ್ಟಿಸಿಕೊಳ್ಳುತ್ತೇನೆ. ಅಂಗಡಿಯ ಚಾಚಾ ಪೊಟ್ಟಣ ಕಟ್ಟುತ್ತ, ಈ ವರ್ಷವೂ ಅಲ್ಲಿಗೇ ಹೊರಟಿರೇನು, ನೋಡಲು ಬೇರೆ ಊರೇ ಇಲ್ಲವೇನು ಎಂದು ಕೇಳಿದರು. ಅವರಿಗೆ ನಿಂತ ನಿಲುವಿನಲ್ಲಿ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನಿಮಗೆ ನನ್ನಷ್ಟು ಅವಸರ ಇರಲಾರದು.

ನಾನು ಹಾನಗಲ್ ಬಸ್ ನಿಲ್ದಾಣದಲ್ಲಿ ವರ್ಷಗಟ್ಟಲೆ ಕಂಟ್ರೋಲರ್ ಆಗಿದ್ದವನು. ಕಿಟಕಿಯ ಹಿಂದೆ ಕುಳಿತು ಮೈಕಿನಲ್ಲಿ ಹಿರೇಕೆರೂರು, ಶಿಗ್ಗಾವಿ, ಶಿರಸಿ, ಕುಮಟಾ ಎಂದು ಕೂಗುವುದು ನನ್ನ ಕೆಲಸ. ಕೂಗಿದ ಊರುಗಳಲ್ಲಿ ನಾನು ಕಂಡದ್ದು ಕಾಲು ಭಾಗವೂ ಇಲ್ಲ. ಆದರೆ ಎಲ್ಲ ಬಸ್ಸುಗಳ ಅವಸರವೂ ನನ್ನ ಮೈಯೊಳಗೆ ಇಳಿದುಬಿಟ್ಟಿತ್ತು. ಮದುವೆಗೆ ಹೋದರೆ ಅಕ್ಷತೆ ಬೀಳುವ ಮೊದಲೇ ಊಟದ ಸಾಲು ಹುಡುಕುತ್ತೇನೆ. ಆಸ್ಪತ್ರೆಯಲ್ಲಿದ್ದವರನ್ನು ನೋಡಲು ಹೋದರೆ ಸ್ಟೂಲಿನ ಮೇಲೆ ಕೂರುವಾಗಲೇ "ಮತ್ತ ಬರ್ತೇನಿ" ಎನ್ನುತ್ತೇನೆ. ನನ್ನ ಹೆಂಡತಿ ಇದಕ್ಕೆಲ್ಲ ಎಂದೋ ಹೊಂದಿಕೊಂಡಿದ್ದಾಳೆ. ನನಗೆ ಚಹಾವನ್ನು ಆರಿಸಿಯೇ ಕೊಡುತ್ತಾಳೆ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಹೆಸರು ನೀಲವ್ವ, ಇರುವುದು ಹತ್ತಿಮತ್ತೂರಿನಲ್ಲಿ. ಗಂಡ ಬೇಗ ತೀರಿಕೊಂಡ ಮೇಲೆ ಕೌದಿ ಹೊಲಿದು ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದಳು. ಹಳೆಯ ಸೀರೆಯ ತುಂಡುಗಳನ್ನು ಹರಡಿಕೊಂಡು, ಯಾವ ಬಣ್ಣದ ಪಕ್ಕಕ್ಕೆ ಯಾವ ಬಣ್ಣ ಎಂದು ಅರ್ಧ ದಿನ ನೋಡುತ್ತ ಕೂರುವವಳು. ನಾನು ಹೋದರೆ ಅವಳ ಹೊಸ್ತಿಲಲ್ಲೇ ನಿಂತು ಮಾತಾಡಿ ಹೊರಡುತ್ತಿದ್ದೆ. ನನ್ನಿಂದ ಏನನ್ನೂ ಕೇಳಿದವಳಲ್ಲ. ನಾನು ನಿವೃತ್ತನಾದ ವರ್ಷ ಒಮ್ಮೆ ಕೇಳಿದಳು.

"ತಮ್ಮಾ, ದಿನಾ ಮೈಕಿನ್ಯಾಗ ಕುಮಟಾ ಕುಮಟಾ ಅಂತ ಒದರ್ತಿದ್ದೆಲ್ಲ, ಆ ಕಡೆ ಸಮುದ್ರ ಐತಂತ. ಒಮ್ಮಿ ನನಗ ತೋರಿಸು."

ನನಗೆ ಹಿಗ್ಗೋ ಹಿಗ್ಗು. ಅಂದೇ ಒಂದು ಪಟ್ಟಿ ಬರೆದೆ. ಎರಡು ದಿನ, ಏಳು ಜಾಗ: ಗೋಕರ್ಣದ ದೇವಸ್ಥಾನ, ಅಲ್ಲಿನ ಮೂರು ಬೀಚು, ಮಿರ್ಜಾನ ಕೋಟೆ, ಇಡಗುಂಜಿ, ಮುರುಡೇಶ್ವರ. ಪ್ರತಿಯೊಂದರ ಮುಂದೆ ತಲುಪುವ ವೇಳೆ, ಬಿಡುವ ವೇಳೆ. ಅಕ್ಕ ಹಿಂದಿನ ದಿನವೇ ನಮ್ಮ ಮನೆಗೆ ಬಂದಳು. ನಸುಕಿನಲ್ಲಿ ಹಾನಗಲ್ಲಿನಿಂದ ಶಿರಸಿಯ ಬಸ್ಸು ಹತ್ತಿದೆವು. ಶಿರಸಿಯಲ್ಲಿ ಇಳಿಯುವಾಗ ಅಕ್ಕ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು. ಕೂತು ಕೂತು ಕಾಲು ಜೋಮು ಹಿಡಿದಿರಬೇಕೆಂದುಕೊಂಡೆ. ಕುಮಟೆಯ ಬಸ್ಸು ಘಟ್ಟದ ನಡುವೆ ಚಹಾಕ್ಕೆ ನಿಂತಾಗ ಚಾಲಕನ ಬಳಿ ಹೋಗಿ, ಹೀಗೆ ನಿಂತರೆ ಹೇಗೆ ಎಂದು ತಕರಾರು ತೆಗೆದೆ. ಅವನು ನಿಧಾನವಾಗಿ ಬನ್ ಅದ್ದಿ ತಿನ್ನುತ್ತ ನನ್ನನ್ನು ನೋಡಿದ. ನನ್ನ ಜೊತೆ ಯಾರಾದರೂ ಹೀಗೆ ತಕರಾರು ತೆಗೆದಾಗ ನಾನೂ ಹಾಗೇ ನೋಡುತ್ತಿದ್ದೆ, ಹೇಳಿದ್ದೇನೂ ಕಿವಿಗೇ ಬೀಳದವನಂತೆ.

ಕುಮಟೆಯಲ್ಲಿ ಮತ್ತೆ ಬಸ್ಸು ಬದಲಿಸಿ ಗೋಕರ್ಣ ಮುಟ್ಟಿದಾಗ ಪಟ್ಟಿಗಿಂತ ನಲವತ್ತು ನಿಮಿಷ ತಡವಾಗಿತ್ತು. ದೇವರ ದರ್ಶನ ಮುಗಿಸಿ, ಕಡಲೆಪುರಿ ಬತ್ತಾಸಿನ ಅಂಗಡಿಗಳ ನಡುವೆ ಅಕ್ಕನನ್ನು ಎಳೆದುಕೊಂಡೇ ಹೋದೆ. ಬೀದಿ ಮುಗಿದಲ್ಲಿ ಕಡಲು. ಅಕ್ಕ ಚಪ್ಪಲಿ ಬಿಟ್ಟು ಮರಳಿನ ಮೇಲೆ ಕುಳಿತಳು. ಹತ್ತು ನಿಮಿಷ ಕಾದು, ಆಟೋ ಹಿಡಿದರೆ ಮುಂದಿನ ಬೀಚಿಗೆ ಹೋಗಬಹುದು ಎಂದೆ. ಈಗಷ್ಟೇ ಬಂದಿದ್ದೇವಲ್ಲ ಎಂದಳು. ಹಾಗಾದರೆ ನೀನು ಕೂತಿರು, ನಾನು ಮುರುಡೇಶ್ವರದ ಬಸ್ಸು ವಿಚಾರಿಸಿ ಬರುತ್ತೇನೆ ಎಂದು, ಅವಳ ಫೋನು ಇದ್ದ ಚೀಲವನ್ನೂ ಹೆಗಲಿಗೆ ಏರಿಸಿಕೊಂಡು ಹೊರಟೆ.

ಬಸ್ ನಿಲ್ದಾಣಕ್ಕೆ ಹೋದ ಕಂಟ್ರೋಲರ್ ಬೇಗ ಬರುತ್ತಾನೆಯೇ? ಅಲ್ಲಿನ ಕಂಟ್ರೋಲರ್ ಜೊತೆ ಮಾತಿಗೆ ನಿಂತು, ಯಾವ ಬಸ್ಸು ಎಲ್ಲಿ ತಡ, ಯಾವ ಚಾಲಕ ಹೇಗೆ ಎಂದು ಒಂದು ಗಂಟೆ ಕಳೆದೆ. ಮರಳಿ ಬಂದಾಗ ಅಕ್ಕ ಕುಳಿತಿದ್ದ ಜಾಗದಲ್ಲಿ ನೀರಿತ್ತು. ಉಬ್ಬರ ಏರಿತ್ತು. ಅವಳ ಒಂದು ಚಪ್ಪಲಿ ತೆರೆಯ ನೊರೆಯಲ್ಲಿ ಮಗುಚಿ ಮಗುಚಿ ಬೀಳುತ್ತಿತ್ತು.

ನೀರಿಗೆ ಇಳಿದು ಚಪ್ಪಲಿ ಹಿಡಿದುಕೊಂಡೆ. ಸ್ನಾನಕ್ಕೆ ಇಳಿದಿದ್ದವರನ್ನು, ಒಂಟೆ ಹಿಡಿದವನನ್ನು, ಫೋಟೋ ತೆಗೆಯುತ್ತಿದ್ದ ದಂಪತಿಯನ್ನು ಕೇಳಿದೆ: ಹಸಿರು ಸೀರೆ, ಕನ್ನಡಕ, ವಯಸ್ಸಾದವರು. ಯಾರೂ ನೋಡಿರಲಿಲ್ಲ. "ಅಕ್ಕಾ" ಎಂದು ಕೂಗಿದೆ. ಇಡೀ ನಿಲ್ದಾಣಕ್ಕೆ ಕೇಳಿಸುತ್ತಿದ್ದ ನನ್ನ ದನಿ ಆ ಅಲೆಗಳೆದುರು ಹತ್ತು ಮಾರು ದಾಟಲಿಲ್ಲ. ಅವಳ ಹೆಣ್ಣುಮಕ್ಕಳಿಗೆ ಏನೆಂದು ಫೋನು ಮಾಡಲಿ ಎಂಬ ಯೋಚನೆಯೂ ಬಂದುಹೋಯಿತು. ಆ ಕಡೆ ಓಡಿದೆ, ಮತ್ತೆ ಈ ಕಡೆ ಓಡಿದೆ.

ದೂರದಲ್ಲಿ ದಡಕ್ಕೆ ಎಳೆದಿಟ್ಟ ದೋಣಿಗಳ ಸಾಲು. ಒಂದು ದೋಣಿಯ ನೆರಳಿನಲ್ಲಿ ಮೀನುಗಾರರ ಹೆಂಗಸೊಬ್ಬಳು ಬಲೆ ಹೊಲಿಯುತ್ತ ಕುಳಿತಿದ್ದಳು. ಅವಳ ಪಕ್ಕದಲ್ಲಿ ಅಕ್ಕ, ಬಲೆಯ ಒಂದು ಅಂಚನ್ನು ತೊಡೆಯ ಮೇಲೆ ಹಾಕಿಕೊಂಡು ಗಂಟುಗಳನ್ನು ಬೆರಳಿನಿಂದ ತಡವುತ್ತಿದ್ದಳು. ನಾನು ಎದುರು ನಿಂತು ಬಾಯಿಗೆ ಬಂದಂತೆ ಬೈದೆ. ಕೈಯಲ್ಲಿ ಚಪ್ಪಲಿ ಇತ್ತು, ನೋಡಿದವರು ಏನೆಂದುಕೊಂಡರೋ. ಅಕ್ಕ ಪೂರ್ತಿ ಕೇಳಿಸಿಕೊಂಡಳು. ನೀರು ಮೇಲೆ ಬಂತೆಂದು ಸರಿದು ಕುಳಿತೆ, ಚಪ್ಪಲಿ ಎಲ್ಲಿದ್ದವೋ ಕಾಣಲಿಲ್ಲ ಎಂದಳು. ಮುರುಡೇಶ್ವರದ ಬಸ್ಸಿಗೆ ಇನ್ನು ಇಪ್ಪತ್ತೇ ನಿಮಿಷ, ಏಳು ಎಂದೆ.

"ಕಣ್ಣಿನ ನರ ಒಣಗಾಕತ್ತಾವಂತ ತಮ್ಮಾ," ಎಂದಳು. "ಎಡಗಣ್ಣು ಆಗಲೇ ಹೋಗೇತಿ. ಬಲಗಣ್ಣಿಗೂ ಬಾಳ ದಿನ ಇಲ್ಲಂತ ಹುಬ್ಬಳ್ಳಿ ಡಾಕ್ಟರ್ ಹೇಳ್ಯಾರ. ನನಗ ಏಳು ಊರು ತೋರಿಸಬ್ಯಾಡ. ಇದೊಂದನ್ನ ನೋಡಾಕ ಬಿಡು."

ಬಲೆ ಹೊಲಿಯುತ್ತಿದ್ದವಳ ಕೈ ನಿಂತಿತು. ನನಗೆ ಶಿರಸಿಯಲ್ಲಿ ಮೊಣಕೈ ಹಿಡಿದದ್ದು ನೆನಪಾಯಿತು. ಎರಡು ವರ್ಷದಿಂದ ಅವಳ ಮನೆಯಲ್ಲಿ ಹೊಸ ಕೌದಿಯೇ ಕಂಡಿರಲಿಲ್ಲ ಎಂಬುದೂ ಆಗಲೇ ಹೊಳೆಯಿತು. ಹೊಸ್ತಿಲಲ್ಲಿ ನಿಂತೇ ಹೊರಡುವವನಿಗೆ ಒಳಗಿನದು ಹೇಗೆ ಕಾಣಬೇಕು? ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳೂಣು ಅಂದ್ರ ನೀ ಕುಂಡ್ರೂದಿಲ್ಲ," ಎಂದಳು.

ಕುಳಿತೆ. ಎರಡು ದಿನವೂ ಅದೇ ದಂಡೆಯ ಮೇಲೆ ಕುಳಿತೆವು. ನಾನೇನು ಒಮ್ಮೆಲೇ ಸಾಧುವಾಗಲಿಲ್ಲ. ಹತ್ತು ಸಲ ಎದ್ದೆ, ಎಳನೀರು ತಂದೆ, ಸುಮ್ಮಸುಮ್ಮನೆ ದೋಣಿಗಳನ್ನು ಎಣಿಸಿ ಬಂದೆ. ಅಕ್ಕ ಕದಲಲಿಲ್ಲ. ಬೆಳಗಿನ ನೀರು, ಮಧ್ಯಾಹ್ನದ ನೀರು, ಸಂಜೆಯ ನೀರು ಎಂದು ಮೂರು ಹೊತ್ತೂ ನೋಡಿದಳು, ಕೌದಿಯ ತುಂಡುಗಳನ್ನು ಜೋಡಿಸುವಾಗ ನೋಡುತ್ತಿದ್ದ ಹಾಗೆಯೇ. ಮರುವರ್ಷ ಬೇಸಗೆಯ ಹೊತ್ತಿಗೆ ಬಲಗಣ್ಣೂ ಹೋಯಿತು.

ಅದಾದ ಮೇಲೆ, ಇನ್ನು ಎಲ್ಲಿಗೂ ಹೋಗುವ ಮಾತೆತ್ತಲಾರಳು ಎಂದುಕೊಂಡಿದ್ದೆ. ಚಳಿಗಾಲ ಬರುತ್ತಲೇ ಅವಳೇ ಹೇಳಿ ಕಳಿಸಿದಳು, ಗೋಕರ್ಣಕ್ಕೆ ಹೋಗೋಣ ಎಂದು. ಹೋದೆವು. ದಂಡೆಯ ಮೇಲೆ ಕೂತು, ಈಗ ಏನೇನು ಕಾಣುತ್ತದೆ ಎಂದು ಕೇಳಿದಳು. ನೀರು ಎಂದೆ. ನೀರಿರುವುದು ನನಗೂ ಕೇಳಿಸುತ್ತದೆ, ನೋಡಿ ಹೇಳು ಎಂದಳು. ಅಂದಿನಿಂದ ಪ್ರತಿ ವರ್ಷ ಅಲ್ಲಿ ಕುಳಿತು ನೋಡಿ ಹೇಳುವುದು ನನ್ನ ಕೆಲಸ. ಇದು ಮೈಕಿನ ಕೆಲಸಕ್ಕಿಂತ ಕಷ್ಟ. ದೂರದ ನೀರು ನೀಲಿ ಎಂದರೆ, ಯಾವ ನೀಲಿ ಎನ್ನುತ್ತಾಳೆ. ಮತ್ತೆ ನೋಡಬೇಕು. ನೋಡಿದರೆ ಅದು ನೀಲಿಯೇ ಆಗಿರುವುದಿಲ್ಲ.

ನಿನ್ನೆ ಸಂಜೆಯೂ ಹಾಗೇ ಹೇಳುತ್ತ ಕುಳಿತಿದ್ದೆ. ಹೇಳಿ ಹೇಳಿ ಬಾಯಿ ಒಣಗಿತು. ಅಕ್ಕ ಸುಮ್ಮನಾದಳು. ತೂಕಡಿಸುತ್ತಿದ್ದಾಳೆಂದುಕೊಂಡು, ಇವತ್ತಿಗೆ ಮುಗಿಯಿತು, ಹೋಗಿ ಕೋಣೆಯ ಕೀಲಿ ಕೇಳೋಣ ಎಂದು ಸದ್ದಿಲ್ಲದೆ ಎದ್ದೆ.

"ಕುಂತ್ಕೊ," ಎಂದಳು ಅಕ್ಕ, ಮುಖವನ್ನು ಪಡುವಣಕ್ಕೇ ಹಿಡಿದುಕೊಂಡು. "ಇನ್ನೂ ಮುಳುಗಿಲ್ಲ. ಗಲ್ಲದ ಮ್ಯಾಲೆ ಬಿಸಿಲು ಐತಿ."

ತಿರುಗಿ ನೋಡಿದೆ. ಇನ್ನೂ ಅರ್ಧ ಉಳಿದಿತ್ತು. ಅದರ ಬಣ್ಣವನ್ನು ಹೇಗೆ ಹೇಳುವುದೆಂದು ಯೋಚಿಸುತ್ತ ಕುಳಿತುಕೊಂಡೆ.